ಸದರಿ ಕುಂದಾ ಯಾರೋ ನನಗೆ ಗೊತ್ತಿಲ್ಲ

ಆ ವರ್ಷ ನಾನು ಸ್ತ್ರೀಕುಲವನ್ನು ಉದ್ಧಾರ ಮಾಡಿಯೇ ತೀರಬೇಕೆಂದು ನಿಶ್ಚಯಿಸಿದೆ! ನಮ್ಮೂರು ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ಆಗಷ್ಟೇ ಮುಗಿದಿತ್ತು. ಅಲ್ಲಿ ಕೇಳಿದ ಭಾಷಣಗಳೆಲ್ಲ ತಲೆಯಲ್ಲಿ ಇನ್ನೂ ಕುದಿಯುತ್ತಿದ್ದವು. ಇಡೀ ಸ್ತ್ರೀಕುಲವನ್ನು ಒಮ್ಮೆಲೇ ಎತ್ತುವುದು ವಕೀಲರ ಕಾರಕೂನನಾದ ನನ್ನಂಥವನಿಗೆ ಕಷ್ಟ. ಮನೆಯಿಂದಲೇ ಆರಂಭಿಸೋಣ ಎಂದುಕೊಂಡೆ. ನನ್ನ ಮನೆಯಲ್ಲಿ ಸ್ತ್ರೀಕುಲವೆಂದರೆ ಒಬ್ಬಳೇ, ನನ್ನ ಹೆಂಡತಿ ಶುಭದಾ. ಕೆಲಸ ಬೇಗ ಮುಗಿಯುವಂತೆ ಕಂಡಿತು.

"ನೀನು ಏಳನೇ ಇಯತ್ತೆ ಮುಲ್ಕಿ ಪರೀಕ್ಷಾ ಪಾಸಾಗಬೇಕು," ಎಂದು ಅಪ್ಪಣೆ ಮಾಡಿದೆ. "ಸಾಲಿ ಅಕ್ಕಾರ ಆಗಿ ಹುಡುಗ್ಯಾರಿಗೆ ಕಲಿಸಬೇಕು. ಹೆಣ್ಣಿಗೂ ಗಂಡಿಗೂ ಭೇದ ಇಲ್ಲ. ತಿಳೀತೇನು?"

"ತಿಳೀತ್ರಿ. ಒಲಿ ಮ್ಯಾಲ ಹಾಲು ಅದ, ಒಂದೀಟು ನೋಡ್ತೀರೇನು?"

ನಾನು ಸಮಾನತೆಯ ಬಗ್ಗೆ ಮಾತು ಮುಂದುವರಿಸಿದೆ. ಹಾಲು ಉಕ್ಕಿ ಒಲೆ ಆರಿತು.

ಮುಂದಿನ ಒಂದೂವರೆ ವರ್ಷ ಅವಳು ಓದಿದಳು. ಭಕ್ಕರಿ ಬಡಿಯುವಾಗ ಎದುರಿಗೆ ಭೂಗೋಳದ ಪುಸ್ತಕ, ಬಟ್ಟೆ ಒಗೆಯುವಾಗ ಬಾಯಲ್ಲಿ ಲೆಕ್ಕದ ಸೂತ್ರ. ನನ್ನ ಪಾಲಿನ ಶ್ರಮವೇನು ಕಡಿಮೆಯೇ? ಮನೆಗೆ ಬಂದವರಿಗೆಲ್ಲ "ನಮ್ಮಾಕೀನ್ನ ಓದಸ್ಲಿಕ್ಕತ್ತೀನಿ!" ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗುತ್ತಿತ್ತು.

ಪರೀಕ್ಷೆಯ ಫಾರ್ಮು ಬಂತು. ಅದರ ಜೊತೆಗೆ ಹಿಂದೆ ಓದಿದ ಶಾಲೆಯ ದಾಖಲೆ ಬೇಕು. ಅವಳು ಓದಿದ್ದು ಖಾನಾಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ, ಮದುವೆಗೆ ಮೊದಲು. ಮಾವನವರು ಈಗ ಧಾರವಾಡಕ್ಕೆ ಹೋಗಿ ನೆಲೆಸಿದ್ದರಿಂದ ದಾಖಲೆ ತರುವ ಭಾರ ನನ್ನದಾಯಿತು. ಹದಿನೈದು ದಿನ ಅವಳು ನೆನಪಿಸಿದಳು. ಹದಿನೈದು ದಿನವೂ ನನಗೆ ಪುರಸೊತ್ತಾಗಲಿಲ್ಲ. ಕೊನೆಗೆ, ನಾಳೆ ಮಧ್ಯಾಹ್ನದೊಳಗೆ ಫಾರ್ಮು ಮುಟ್ಟದಿದ್ದರೆ ಒಂದು ವರ್ಷ ಮಣ್ಣುಪಾಲು ಎನ್ನುವ ದಿನ ಕೋಟು ತೊಟ್ಟು ಹೊರಟೆ.

"ಅಲ್ರಿ, ಸಾಲಿ ಪುಸ್ತಕದಾಗ ನನ್ನ ಹೆಸರು..." ಎಂದು ಬಾಗಿಲ ತನಕ ಬಂದಳು.

"ಗೊತ್ತದ!"

"ಗೊತ್ತಿಲ್ರಿ. ಅದಕ್ಕ ಹೇಳ್ಲಿಕ್ಕತ್ತೀನಿ..."

"ಏಳು ವರ್ಷ ಸಂಸಾರ ಮಾಡೀನಿ, ಹೆಂಡತಿ ಹೆಸರು ಗೊತ್ತಿಲ್ಲೇನು? ಈ ಅಂಜಿಕಿ ಬಿಡು. ಅದಕ್ಕಂತನಽ ಸ್ತ್ರೀಯರು ಹಿಂದುಳಿದಾರ!" ಎಂದು ಒಂದು ಚಿಕ್ಕ ಭಾಷಣ ಮಾಡಿ ಸ್ಟೇಶನ್ನಿಗೆ ಓಡಿದೆ.

ಖಾನಾಪುರದ ಶಾಲೆಯ ಬಾಗಿಲಲ್ಲಿ ಕಾಡವ್ವನೆಂಬ ಮುದುಕಿ ಕುಳಿತಿದ್ದಳು. ಬೆಳಿಗ್ಗೆ ಮನೆಮನೆಗೆ ಹೋಗಿ ಹುಡುಗಿಯರನ್ನು ಕೂಡಿಸಿ ತರುವುದು, ಸಂಜೆ ತಿರುಗಿ ಮುಟ್ಟಿಸುವುದು ಅವಳ ಕೆಲಸ. ನನ್ನನ್ನು ಕಂಡವಳೇ ಹಲ್ಲಿಲ್ಲದ ಬಾಯಿ ಅಗಲಿಸಿದಳು.

"ನೀವು ನಮ್ಮ ಕುಂದಾನ ಗಂಡ ಅಲ್ಲೇನ್ರಿ? ಮದಿವ್ಯಾಗ ನೋಡಿದ್ದೆ."

"ಯಾವ ಕುಂದಾನೂ ಅಲ್ಲ! ಬಾಜೂ ಸರಿ," ಎಂದು ಒಳಗೆ ಹೋದೆ.

ಮುಖ್ಯ ಅಕ್ಕಾರರು ಕುಮುದಿನಿಬಾಯಿ. ಮಾತು ಕಡಿಮೆ, ಕನ್ನಡಕ ದಪ್ಪ. ಹಳೆಯ ದಾಖಲೆ ಪುಸ್ತಕ ತೆಗೆದು ಬೆರಳಿಟ್ಟು ನೋಡುತ್ತ ಹೋದರು.

"ಶುಭದಾ ಅಂತ ಯಾರೂ ಇಲ್ಲಲ್ರಿ. ಅಪ್ಪನ ಹೆಸರು?"

"ಬಾಳಕೃಷ್ಣ."

"ಕುಂದಾ ಬಾಳಕೃಷ್ಣ ಅಂತ ಒಬ್ಬಾಕಿ ಇದ್ದಾಳ."

"ಕುಂದಾ ಅಲ್ರಿ, ಶುಭದಾ!"

"ತವರಮನಿ ಹೆಸರು ಬ್ಯಾರೆ ಇದ್ದೀತು, ಒಂದಿಷ್ಟು ನೆನಪ ಮಾಡಿಕೋರಿ."

ನನ್ನ ಪಿತ್ತ ನೆತ್ತಿಗೇರಿತು. "ಗಂಡ ನಾನು! ನನಗ ಗೊತ್ತಿಲ್ಲದ ಹೆಸರು ಆಕಿಗೆ ಹ್ಯಾಂಗ ಇರ್ತದ?"

ಈಗ ಬರೆಯುವಾಗ ನನಗೇ ನಾಚಿಕೆಯಾಗುತ್ತದೆ. ಮದುವೆಯಲ್ಲಿ ಅಕ್ಕಿ ಹರವಿದ ತಟ್ಟೆಯ ಮೇಲೆ ಬಂಗಾರದ ಉಂಗುರದಿಂದ 'ಶುಭದಾ' ಎಂದು ಬರೆದವನು ನಾನೇ! ಮದುವೆಯ ದಿನ ಸೊಸೆಗೆ ಹೊಸ ಹೆಸರಿಡುವುದು ನಮ್ಮ ಮನೆತನದ ಪದ್ಧತಿ. ಅದಕ್ಕೂ ಮೊದಲು ಆ ಹುಡುಗಿಯನ್ನು ಜಗತ್ತು ಏನೆಂದು ಕರೆಯುತ್ತಿತ್ತು ಎಂಬ ಪ್ರಶ್ನೆ ಸಮಾನತೆಯ ಈ ಸರದಾರನಿಗೆ ಏಳು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಮಾವನ ಮನೆಯಲ್ಲಿ ಎಲ್ಲರೂ ಅವಳನ್ನು 'ತಂಗೀ' ಎನ್ನುತ್ತಿದ್ದರು. ನಾನೋ, 'ಏ, ಇಲ್ಲಿ ಬಾ' ಎನ್ನುತ್ತಿದ್ದೆ. ಹೆಸರಿನ ಅಗತ್ಯವೇ ಬಿದ್ದಿರಲಿಲ್ಲ.

ಆದರೆ ಆ ಹೊತ್ತಿಗೆ ನನ್ನೊಳಗಿನ ಕಾರಕೂನ ಎದ್ದು ನಿಂತಿದ್ದ. "ಇದು ಹೆಣ್ಣುಕುಲಕ್ಕೆ ಆದ ಅನ್ಯಾಯ! ಕಾಗದ ಕೊಡ್ರಿ!" ಎಂದು ಅಬ್ಬರಿಸಿದೆ. ಓದುತ್ತಿದ್ದ ಹುಡುಗಿಯರು ಪಾಟಿ ಬಿಟ್ಟು ಕಿಟಕಿಗೆ ಬಂದರು. ಇಷ್ಟು ಶ್ರೋತೃಗಳು ಸಿಕ್ಕ ಮೇಲೆ ಕೇಳಬೇಕೇ? ಗಟ್ಟಿಯಾಗಿ ಓದುತ್ತ ಓದುತ್ತ ಬರೆದೆ: "ನನ್ನ ಹೆಂಡತಿ ಶುಭದಾಳ ಹೆಸರನ್ನು ಈ ಪುಸ್ತಕದಿಂದ ತೆಗೆದು ಆ ಜಾಗದಲ್ಲಿ ಕುಂದಾ ಎಂಬವಳನ್ನು ತುರುಕಲಾಗಿದೆ. ಸದರಿ ಕುಂದಾ ಯಾರೋ ನನಗೆ ಗೊತ್ತಿಲ್ಲ. ಅವಳಿಗೂ ನನಗೂ ಯಾವ ಪ್ರಕಾರದ ಸಂಬಂಧವೂ ಇರುವುದಿಲ್ಲ." ಕೆಳಗೆ ಬಳ್ಳಿ ಹಬ್ಬಿದಂಥ ನನ್ನ ಸಹಿ!

ಕುಮುದಿನಿಬಾಯಿ ಕಾಗದ ಓದಿ ಪುಸ್ತಕ ಮುಚ್ಚಿದರು. "ಲಿಖಿತ ತಕರಾರು ಬಂತು. ಇನ್ಸ್‌ಪೆಕ್ಟರ್ ಸಾಹೇಬರು ಬಂದು ವಿಚಾರಣಿ ಮಾಡೂತನಕ ಈ ಪುಸ್ತಕದಿಂದ ಒಂದು ದಾಖಲೇನೂ ಕೊಡಲಿಕ್ಕೆ ಬರೂದಿಲ್ಲ."

"ಅವರು ಯಾವಾಗ ಬರ್ತಾರ?"

"ಮಳಿಗಾಲ ಮುಗದ ಮ್ಯಾಲ."

ನಾಳೆ ಮಧ್ಯಾಹ್ನ ಫಾರ್ಮು! ಒಂದೂವರೆ ವರ್ಷದ ಭೂಗೋಳ, ಲೆಕ್ಕ, ವ್ಯಾಕರಣ, ಎಲ್ಲವನ್ನೂ ನಾನೇ ನನ್ನ ದುಂಡಗಿನ ಅಕ್ಷರದಲ್ಲಿ ಮುಳುಗಿಸಿದ್ದೆ. ಬೆವರು ಒರೆಸಿಕೊಳ್ಳುತ್ತಿರುವಾಗ ಹೊರಗೆ ಕಾಡವ್ವ ಕೂಗಿದಳು:

"ಅಯ್ಯ ನನ್ನವ್ವಾ! ನಮ್ಮ ಕುಂದಾ ಬಂದ್ಳ!"

ಬರಲಿ, ಈ ಕುಂದಾ ಯಾರೆಂದು ನೋಡಿಯೇಬಿಡೋಣ ಎಂದು ತಿರುಗಿದೆ. ಒಳಗೆ ಬಂದವಳು ನನ್ನ ಹೆಂಡತಿ! ಬಾಜೂಮನೆಯ ಪದ್ಮವ್ವನನ್ನು ಜೊತೆಗೆ ಮಾಡಿಕೊಂಡು ಮುಂದಿನ ಗಾಡಿಗೆ ಹೊರಟು ಬಂದಿದ್ದಳು.

"ಮೊದಲಽ ಹೇಳಬಾರದೇನು?" ಎಂದು ಅವಳ ಮೇಲೆಯೇ ಹರಿಹಾಯ್ದೆ.

"ಹೇಳ್ಲಿಕ್ಕೆ ಬಂದಿದ್ದೆ. ನೀವು ಸ್ತ್ರೀಯರು ಯಾಕ ಹಿಂದುಳಿದಾರ ಅಂತ ಹೇಳ್ಲಿಕ್ಕತ್ತಿದ್ರಿ."

ಮೇಜಿನ ಮೇಲಿದ್ದ ನನ್ನ ತಕರಾರನ್ನು ಅವಳು ಮೊದಲಿನಿಂದ ಕೊನೆಯವರೆಗೆ ಓದಿದಳು. ಸಿಟ್ಟಾಗಲಿಲ್ಲ. ಅಕ್ಕಾರರ ಅಪ್ಪಣೆ ಕೇಳಿ ಪುಸ್ತಕ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟಳು. "ಕುಂದಾ ಬಾಳಕೃಷ್ಣ. ನಾಕನೇ ಇಯತ್ತೆ, ಮೊದಲನೇ ನಂಬರ," ಎಂದು ಮೆಲ್ಲಗೆ ಓದಿದಳು. "ಏಳು ವರ್ಷಾತು ನೋಡ್ರಿ, ಈ ಹೆಸರು ನೋಡಿ." ಆ ಬೆರಳು ಬಹಳ ಹೊತ್ತು ಅಲ್ಲಿಂದ ಕದಲಲಿಲ್ಲ. ನನಗೆ ನಿಜವಾಗಿಯೂ ಕೆಟ್ಟದೆನಿಸಿತು. ತಕರಾರನ್ನು ತೆಗೆದುಕೊಂಡು ಚೂರುಚೂರಾಗಿ ಹರಿದೆ.

"ತಕರಾರು ಹೋತು," ಎಂದರು ಕುಮುದಿನಿಬಾಯಿ. "ಆದ್ರ ಕುಂದಾನೇ ಶುಭದಾ ಅಂತ ಯಾರರೇ ಸಾಕ್ಷಿ ಹಾಕಬೇಕಲ್ಲ."

"ನಾ ಹಾಕ್ತೀನಿ!" ಎಂದು ಲೇಖಣಿಗೆ ಕೈಚಾಚಿದೆ.

"ನಿಮ್ಮ ಸಾಕ್ಷಿ ನಡಿಯೂದಿಲ್ರಿ. ಈಗರೆ ಗೊತ್ತಿಲ್ಲಂತ ಬರಕೊಟ್ಟಿದ್ರಿ." ಅವರು ಬಾಗಿಲ ಕಡೆ ತಿರುಗಿದರು. "ಕಾಡವ್ವಾ, ಬಾ ಇಲ್ಲೆ."

ಅಕ್ಷರವೊಂದೂ ಬಾರದ ಕಾಡವ್ವ ಬಂದು, "ಈಕೀನ ನಾಕು ವರ್ಸ ಕೈಹಿಡಕೊಂಡು ಸಾಲಿಗೆ ತಂದೇನ್ರಿ. ಅಕ್ಕಿ ಮ್ಯಾಗ ಶುಭದಾ ಅಂತ ಬರದಾಗ್ಲೂ ಅಲ್ಲೇ ನಿಂತಿದ್ದೆ," ಎಂದು ಹೆಬ್ಬೆಟ್ಟನ್ನು ಮಸಿಗೆ ಅದ್ದಿ ಒತ್ತಿದಳು. ಕಚೇರಿಯಲ್ಲಿ ದಿನಕ್ಕೆ ನಲವತ್ತು ಸಲ ಬೀಳುವ ನನ್ನ ಸಹಿ ಬದಿಗೆ ನಿಂತು ಆ ಹೆಬ್ಬೆಟ್ಟನ್ನು ನೋಡಿತು.

ದಾಖಲೆ ಸಿಕ್ಕಿತು, ಮರುದಿನ ಫಾರ್ಮೂ ಹೋಯಿತು. ಆದರೆ ದಾಖಲೆ ಬರೆಯುವಾಗ ಆದದ್ದನ್ನು ಮುಚ್ಚಿಟ್ಟರೆ ಈ ತಪ್ಪೊಪ್ಪಿಗೆ ಪೂರ್ತಿಯಾಗುವುದಿಲ್ಲ.

"ಸಾಲಿ ಹೆಸರು?" ಕೇಳಿದರು ಅಕ್ಕಾರರು.

"ಕುಂದಾ."

"ಮದಿವಿ ಹೆಸರು?"

"ಶುಭದಾ."

"ಯಜಮಾನರ ಹೆಸರು?"

ನಾನು ಕೋಟಿನ ಗುಂಡಿ ಹಾಕಿಕೊಂಡೆ. ಅಂತೂ ನನ್ನ ಹೆಸರಿಗೂ ಕೆಲಸ ಬಂತಲ್ಲ! ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಪದ್ಧತಿ ನಮ್ಮ ಹೆಂಗಸರಲ್ಲಿ ಇಲ್ಲ. ಅವಳು ಸೆರಗು ಸರಿಮಾಡಿಕೊಂಡು ತಲೆತಗ್ಗಿಸಿದಳು.

"ನಾ ಹೇಳಬಾರದ್ರಿ. ಇಲ್ಲೇ ನಿಂತಾರ, ಅವರನ್ನಽ ಕೇಳ್ರಿ. ತಮ್ಮ ಹೆಸರರೇ ಗೊತ್ತಿರಬೇಕು."

ಕಿಟಕಿಯಲ್ಲಿದ್ದ ಹುಡುಗಿಯರೆಲ್ಲ ಕಿಸಕ್ಕನೆ ನಕ್ಕರು.

"ಮಾರ್ತಾಂಡ," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಬೆರಳಿನ ಮಸಿ ಒರೆಸಿಕೊಳ್ಳುತ್ತಿದ್ದ ಕಾಡವ್ವ ತಲೆಯೆತ್ತಿ ಬಲು ಅಕ್ಕರೆಯಿಂದ ಕೇಳಿದಳು:

"ಅದು ನಿಮ್ಮ ಹಡದವ್ವ ಇಟ್ಟ ಹೆಸರೇನ್ರಿ, ಇಲ್ಲಾ ಮದಿವ್ಯಾಗ ನಮ್ಮ ಕುಂದಾ ಇಟ್ಟದ್ದೋ?"