ಪವರ್ ಗಾಗಲ್ ಮತ್ತು ಎರಡಿಂಚಿನ ಮಾತು

ಕನ್ನಡಕದವರ ಕಷ್ಟ ಕನ್ನಡಕ ಹಾಕಿಕೊಂಡಾಗ ಗೊತ್ತಾಗುವುದಿಲ್ಲ, ತೆಗೆದಾಗ ಗೊತ್ತಾಗುತ್ತದೆ. ಹಾಕಿಕೊಂಡಿದ್ದರೆ ನಾವೂ ಎಲ್ಲರಂತೆ ಮನುಷ್ಯರೇ. ತೆಗೆದ ಕ್ಷಣದಿಂದ, ಎದುರಿಗೆ ನಿಂತಿರುವುದು ಅತ್ತೆಯೋ ಲೈಟುಕಂಬವೋ ಎಂದು ತೀರ್ಮಾನಿಸಲು ಅದು ಮಾತಾಡುವವರೆಗೆ ಕಾಯಬೇಕು. ನನ್ನ ಬಲಗಣ್ಣಿಗೆ ಮೈನಸ್ ಎಂಟು, ಎಡಗಣ್ಣಿಗೆ ಮೈನಸ್ ಐದೂವರೆ. ಆದರೂ ಹುಣಸೂರಿನಲ್ಲಿ ಎಷ್ಟೋ ವರ್ಷದಿಂದ ಬ್ಲೌಸ್ ಹೊಲಿದುಕೊಂಡು ಬಂದಿದ್ದೇನೆ, ಏಕೆಂದರೆ ಈ ಕಣ್ಣುಗಳಿಗೆ ಒಂದು ವಿಚಿತ್ರ ಗುಣವಿದೆ. ಮೂಗಿನ ತುದಿಯಲ್ಲಿರುವುದು ಬಲು ಚೆನ್ನಾಗಿ ಕಾಣುತ್ತದೆ. ನನ್ನ ಓರಗೆಯವರು ಸೂಜಿಗೆ ದಾರ ಪೋಣಿಸಲು ಮನೆಮಂದಿಯನ್ನೆಲ್ಲ ಕೂಗುವಾಗ, ನಾನು ಕನ್ನಡಕ ತೆಗೆದಿಟ್ಟು ಒಂದೇ ಏಟಿಗೆ ಪೋಣಿಸುತ್ತೇನೆ. ದೂರದ್ದು ಕಾಣದಿರುವುದರಲ್ಲೂ ಟೇಲರಿಗೆ ಒಂದಷ್ಟು ಅನುಕೂಲ ಉಂಟು. ಹೊಲಿಯದೆ ಇಟ್ಟಿರುವ ಬ್ಲೌಸಿನ ಒಡತಿ ಸಂತೆಯಲ್ಲಿ ಆಚೆ ಬದಿಯಿಂದ ಕೈ ಬೀಸಿದ್ದನ್ನು ನೋಡದೆ ಹೋದರೆ, ಮಾರನೆಯ ದಿನ "ಅಯ್ಯೋ, ಕಾಣ್ಲೇ ಇಲ್ಲ ಕಣ್ರೀ" ಎಂದರಾಯಿತು, ಯಾರೂ ಅನುಮಾನ ಪಡುವುದಿಲ್ಲ. ಆ ವಿಷಯ ಈಗ ಬೇಡ.

ಮಿಷನ್ನಿನ ಮುಂದೆ ಬಗ್ಗಿ ಬಗ್ಗಿ ನನಗೆ ಸೊಂಟನೋವು ಬಂತು. ಡಾಕ್ಟರು ಮಾತ್ರೆ ಬರೆದುಕೊಟ್ಟು, "ಈಜಿ ಅಮ್ಮ, ಅದಕ್ಕಿಂತ ಒಳ್ಳೇದಿಲ್ಲ" ಎಂದರು. ಈಜು ನನಗೆ ಹೊಸದಲ್ಲ. ನನ್ನ ತವರು ಚುಂಚನಕಟ್ಟೆ ಕಡೆ. ನಾಲೆಯಲ್ಲಿ ಎಮ್ಮೆ ಮೈ ತೊಳೆಯುತ್ತಾ ಈಜು ಕಲಿತವಳು ನಾನು. ಅಲ್ಲಿ ಕಣ್ಣು ಬೇಕಾಗಿರಲಿಲ್ಲ, ಎಮ್ಮೆಯ ಬಾಲ ಸಾಕಾಗಿತ್ತು. ಈಗ ಪಿರಿಯಾಪಟ್ಟಣದ ರಸ್ತೆಯಲ್ಲಿ ಒಂದು ಸ್ವಿಮ್ಮಿಂಗ್ ಪೂಲ್ ಆಗಿದೆ, ಮಧ್ಯಾಹ್ನ ಹೆಂಗಸರಿಗೇ ಬಿಡುತ್ತಾರೆ. ಅಲ್ಲಿ ಎಮ್ಮೆ ಇಲ್ಲ. ಬದಲಿಗೆ ತಲೆಯಿಂದ ಮಂಡಿಯವರೆಗೆ ಒಂದೇ ಥರದ ಕಪ್ಪು ಉಡುಪು, ಕಪ್ಪು ಟೋಪಿ ಹಾಕಿಕೊಂಡ ಹೆಂಗಸರಿದ್ದಾರೆ. ಸೀರೆಯ ಬಣ್ಣವಿಲ್ಲ, ಹಣೆಯಲ್ಲಿ ಬೊಟ್ಟಿಲ್ಲ, ಮುಡಿಯಲ್ಲಿ ಹೂವಿಲ್ಲ. ಯಾರು ಯಾರೆಂದು ಗುರುತು ಹಿಡಿಯುವುದು ಹೇಗೆ? ನನಗೆ ಅದು ಕಷ್ಟವೆನಿಸಲಿಲ್ಲ, ಅದೇ ನನ್ನ ದುರಹಂಕಾರ. ಮುಖ ಕಾಣದಿದ್ದರೇನು, ಅಳತೆ ಕಾಣುತ್ತದಲ್ಲ! ಕನ್ನಡಕ ತೆಗೆದ ಕಣ್ಣಿನ ಮಂಜಿನೊಳಗೆ ಒಂದು ಭುಜ, ಒಂದು ಬೆನ್ನು ಕಂಡರೆ ಸಾಕು, ಇದು ಇಂಥವರೆಂದು ಹೇಳುತ್ತಿದ್ದೆ. ಹೇಳಿದ್ದು ಸರಿಯೂ ಆಗುತ್ತಿತ್ತು.

ಆ ಮಂಗಳವಾರದವರೆಗೆ ಸರಿಯಾಗುತ್ತಿತ್ತು ಎಂದು ತಿದ್ದಿಕೊಳ್ಳಬೇಕು. ಮೆಟ್ಟಿಲ ಬಳಿ ಕಂಬಿ ಹಿಡಿದು ಕಾಲಾಡಿಸುತ್ತಿದ್ದ ಒಬ್ಬರ ಬೆನ್ನು ಕಂಡಿತು. ಅಗಲ ಭುಜ, ಗಿಡ್ಡ ಕತ್ತು. ನಮ್ಮ ಬಸ್ ಸ್ಟ್ಯಾಂಡ್ ಹಿಂದಿನ ಜಯಮ್ಮ, ನನ್ನ ಹಳೆಯ ಗಿರಾಕಿ. ಸಲುಗೆಯಿಂದ ಬೆನ್ನಿಗೊಂದು ಗೇಣು ಹಾಕಿ, "ಏನ್ರೀ, ಹಬ್ಬದೂಟ ಎಲ್ಲಾ ಬೆನ್ನಿಗೇ ಹೋಗ್ಯದಲ್ರೀ! ಈ ಸಲ ಎರಡಿಂಚು ಬುಟ್ಟೇ ಹೊಲೀಬೇಕು ನಿಮಗೆ" ಎಂದೆ. ಜಯಮ್ಮನಾಗಿದ್ದರೆ ಹಿಂದಿರುಗಿ ನನ್ನ ಸೊಂಟದ ವಿಷಯ ಎತ್ತುತ್ತಿದ್ದಳು. ಇವರು ನಿಧಾನವಾಗಿ ಮೆಟ್ಟಿಲು ಹತ್ತಿ ಹೋದರು. ನಾನೂ ಎದ್ದು ಹೋಗಿ ಬಟ್ಟೆ ಬದಲಿಸುವ ಕೋಣೆಯಲ್ಲಿ ಕನ್ನಡಕ ಹಾಕಿಕೊಂಡು ನೋಡಿದರೆ, ಎದುರಿನ ಬೆಂಚಿನ ಮೇಲೆ ತಲೆ ಒರೆಸಿಕೊಳ್ಳುತ್ತಾ ಕೂತಿದ್ದವರು ಪಿರಿಯಾಪಟ್ಟಣದ ರತ್ನಮ್ಮನವರು. ಹಿಂದಿನ ಭಾನುವಾರ ತಾನೆ ನಮ್ಮ ಮನೆಗೆ ಬಂದು, ಉಪ್ಪಿಟ್ಟು ಕೇಸರಿಬಾತು ತಿಂದು, ನನ್ನ ಮಗಳು ರಶ್ಮಿಯನ್ನು ತಮ್ಮ ಮಗನಿಗೆ ನೋಡಿಕೊಂಡು ಹೋಗಿದ್ದವರು. ಹುಡುಗ ಎಚ್.ಡಿ. ಕೋಟೆಯಲ್ಲಿ ದನದ ಡಾಕ್ಟರು. ರಶ್ಮಿಗೆ ಹುಡುಗ ಮನಸ್ಸಿಗೆ ಬಂದಿದ್ದ. ಅವರಿಂದ ಉತ್ತರ ಬರುವುದೊಂದೇ ಬಾಕಿಯಿತ್ತು. ನಾನು ಅರ್ಧ ಒದ್ದೆ ತಲೆಯಲ್ಲೇ ಚಪ್ಪಲಿ ಮೆಟ್ಟಿ ಆಟೋ ಹತ್ತಿದೆ.

ಒಂದು ವಾರವಾಯಿತು, ಉತ್ತರವಿಲ್ಲ. ಎರಡನೆಯ ವಾರವೂ ಇಲ್ಲ. ವಿಷಯ ಕೇಳಿದ ರಶ್ಮಿ, "ಬೇರೆಯವರ ಅಮ್ಮಂದಿರು ವರದಕ್ಷಿಣೆ ವಿಷಯಕ್ಕೆ ಸಂಬಂಧ ಕೆಡಿಸ್ಕೋತಾರೆ, ನೀನು ಬೆನ್ನಳತೆಗೆ ಕೆಡಿಸ್ದ್ಯಲ್ಲಮ್ಮಾ" ಎಂದು ನಗಲು ಹೋಗಿ ಅತ್ತುಬಿಟ್ಟಳು. ಫೋನು ಮಾಡಿ ಕ್ಷಮೆ ಕೇಳೋಣವೆಂದರೆ ಏನೆಂದು ಕೇಳುವುದು? ತಪ್ಪು ತಿಳೀಬೇಡಿ, ನಿಮ್ಮನ್ನು ಇನ್ನೊಬ್ಬ ದಪ್ಪ ಹೆಂಗಸು ಅಂದುಕೊಂಡೆ ಎಂದೇ? ಮತ್ತೆ ಅದೇ ಪೂಲಿಗೆ ಹೋಗಬೇಕು, ಅವರನ್ನು ದೂರದಿಂದಲೇ ಗುರುತು ಹಿಡಿಯಬೇಕು, ಮೊದಲು ನಾನೇ ಹೆಸರು ಹಿಡಿದು ಮಾತಾಡಿಸಬೇಕು, ಇದೊಂದೇ ದಾರಿ ಎಂದು ನಿಶ್ಚಯಿಸಿದೆ. ಅದಕ್ಕೆ ನೀರಿನಲ್ಲಿ ಕಣ್ಣು ಕಾಣಬೇಕು. ಪವರ್ ಇರುವ ಈಜುವ ಗಾಗಲ್ ಬೇಕು. ಹೊಗೆಸೊಪ್ಪಿನ ಹೊಲದಿಂದ ಬಂದು ಕೈಕಾಲು ತೊಳೆಯುತ್ತಿದ್ದ ನಮ್ಮ ಯಜಮಾನರಿಗೆ ಹೇಳಿದೆ. "ನೀರೊಳ್ಗೆ ಏನ್ ನೋಡ್ಬೇಕೇ ನಿಂಗೆ? ಮೀನಾ?" ಎಂದರು. ಆಮೇಲೆ ಕರುಣೆ ಬಂದು, "ಇರೋ ಕನ್ನಡ್ಕಕ್ಕೇ ಲಂಗದ ಲಾಡಿ ಕಟ್ಕೊಂಡು ಇಳಿ, ಬುಡು ಅತ್ಲಾಗೆ" ಎಂದರು. ಕಟ್ಟಿಕೊಂಡೂ ನೋಡಿದೆ, ಮನೆಯ ನೀರಿನ ತೊಟ್ಟಿಯಲ್ಲಿ. ಕನ್ನಡಕದೊಳಗೆ ನೀರು ತುಂಬಿ, ಕಂಡದ್ದು ಕತ್ತಲೆ.

ಹುಣಸೂರಿನ ಕನ್ನಡಕದಂಗಡಿಗೆ ಹೋದೆ. ಅಂಗಡಿಯವರು ನನ್ನ ಚೀಟಿಯನ್ನೂ ನನ್ನನ್ನೂ ಒಂದು ಸಲ ನೋಡಿ, "ನೀರಲ್ಲಿ ಏನ್ ಓದ್ತೀರಾ ಮೇಡಂ?" ಎಂದರು. ಕೆ.ಆರ್. ನಗರದಲ್ಲಿ ಕೇಳಿದೆ, ಅಲ್ಲಿಯವರೂ ಅದನ್ನೇ ಕೇಳಿದರು, ಸಾಲದೆಂದು ಪಕ್ಕದವರನ್ನೂ ಕರೆದು ಕೇಳಿಸಿದರು. ಬೈಲಕುಪ್ಪೆಯ ಟಿಬೆಟಿಯನ್ ಕಾಂಪಿನ ಅಂಗಡಿಗಳಲ್ಲಿ ಸಿಕ್ಕೀತೆಂದು ಬಸ್ಸು ಹತ್ತಿದೆ. ಬಿಸಿಲಿಗೆ ಹಾಕುವ ಕನ್ನಡಕ ನೂರಾರು ತೂಗುಬಿಟ್ಟಿದ್ದರು. ಒಂದನ್ನು ಹಾಕಿಕೊಂಡು ಕನ್ನಡಿ ನೋಡಿದರೆ ನಾನೇ ಬಹಳ ಚೆನ್ನಾಗಿದ್ದಂತೆ ತೋರಿತು, ಅಂದರೆ ಅದರಲ್ಲಿ ಪವರ್ ಇಲ್ಲವೆಂದು ಖಾತ್ರಿಯಾಯಿತು. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಇಳಿಯಲೇ ಎಂದು ಕಣ್ಣಿನ ಡಾಕ್ಟರನ್ನು ಕೇಳಿದ್ದಕ್ಕೆ, ನೀರಿನ ಹುಳು ಲೆನ್ಸಿನೊಳಗೆ ಸೇರಿ ಕಣ್ಣೇ ಹೋದೀತು ಎಂದು ಗದರಿದರು. ಆದರೆ ಅವರೇ ದಾರಿ ತೋರಿಸಿದರು. ಸಿದ್ಧ ಗಾಗಲುಗಳಲ್ಲಿ ಪವರು ಅರ್ಧರ್ಧ ಏರುತ್ತಾ ಬರುತ್ತದಂತೆ, ಗೆರೆಗಳು ಕಲಸಿ ಕಾಣುವುದಕ್ಕೆ ಕೊಡುವ ಸಿಲಿಂಡರ್ ನಂಬರಿಗೆ ಜಾಗವಿಲ್ಲವಂತೆ, ಸರಿಹೊಂದದಿದ್ದರೆ ಹೆಚ್ಚಿಗಿಂತ ಒಂದು ಕೂದಲು ಕಡಿಮೆ ಇರುವುದೇ ಮೇಲಂತೆ. "ಎರಡು ಕಣ್ಣಿಗೂ ಬೇರೆ ಬೇರೆ ಗಾಜು ಸಿಗುವಂಥದ್ದನ್ನೇ ಆರಿಸಿ, ಅಗ್ಗ ಅಂತ ಎರಡಕ್ಕೂ ಒಂದೇ ತಗೋಬೇಡಿ" ಎಂದರು. ರೆಡಿಮೇಡ್ ಬ್ಲೌಸಿಗೆ ನಾನು ಗಿರಾಕಿಗಳಿಗೆ ಹೇಳುವ ಮಾತೂ ಇದೇ. ರಶ್ಮಿ ಮೊಬೈಲಿನಲ್ಲಿ ಹುಡುಕಿ, ನನ್ನ ಮೂಗಿನ ಅಳತೆಯನ್ನು ನನ್ನದೇ ಟೇಪಿನಲ್ಲಿ ತೆಗೆದು ತರಿಸಿದಳು.

ಬಂದದ್ದು ಬಿಡಿ ಬಿಡಿಯಾಗಿ. ಎರಡು ಗಾಜು, ಒಂದು ಮೂಗಿನ ಪಟ್ಟಿ, ಒಂದು ರಬ್ಬರ್ ಪಟ್ಟಿ. ಜೋಡಿಸಿಕೊಡುತ್ತೇನೆಂದು ರಶ್ಮಿ ಬಂದರೆ, "ಜೋಡ್ಸೋ ಕೆಲ್ಸ ನಂಗೆ ಹೇಳ್ಕೊಡ್ಬೇಡ" ಎಂದೆ. ಬ್ಲೌಸ್ ಜೋಡಿಸುವುದು ಒಳಮೈಯನ್ನು ಹೊರಗೆ ಮಾಡಿಕೊಂಡು. ಬಲದ್ದು ಎಡಕ್ಕೆ ಬಂದಿರುತ್ತದೆ, ಎಡದ್ದು ಬಲಕ್ಕೆ. ಹೊಲಿದು ಮಗುಚಿದರೆ ಎಲ್ಲ ತಂತಮ್ಮ ಜಾಗಕ್ಕೆ ಬಂದು ಕೂರುತ್ತವೆ. ಕೈಗೆ ಅದೇ ಅಭ್ಯಾಸ. ಗಾಜುಗಳನ್ನೂ ಹಾಗೆಯೇ ಸೇರಿಸಿ, ಎಳೆದು ನೋಡಿ, ಗಟ್ಟಿಯಾಗಿದೆಯೆಂದು ಹೆಮ್ಮೆಪಟ್ಟೆ. ಗಾಗಲನ್ನು ಮಗುಚಲು ಬರುವುದಿಲ್ಲವೆಂಬುದು ನೀರಿಗಿಳಿದ ಮೇಲೆ ಹೊಳೆಯಿತು. ಬಲಗಣ್ಣಿಗೆ ಮಂಜು ಹಾಗೆಯೇ ಇತ್ತು, ಎಡಗಣ್ಣಿಗೆ ಎಲ್ಲವೂ ಇಷ್ಟಿಷ್ಟೇ ಸಣ್ಣದಾಗಿ ಕಾಣುತ್ತಿತ್ತು, ಪೂಲು ಒಂದು ಕಡೆಗೆ ವಾಲಿಕೊಂಡಿತ್ತು. ವಾಂತಿ ಬರುವಂತಾಗಿ ಅಂಚು ಹಿಡಿದು ನಿಂತೆ. ಪಕ್ಕದಲ್ಲಿದ್ದವರು, "ಸಾವಿತ್ರಕ್ಕ, ಯಾಕಿಂಗ್ ತೂರಾಡ್ತಿದೀರಾ?" ಎಂದರು. ಮನೆಗೆ ಹೋಗುವುದೇ ಮೇಲೆಂದು ಒಂದು ಕ್ಷಣ ಅನ್ನಿಸಿತು. ರಶ್ಮಿ ಅತ್ತದ್ದು ನೆನಪಾಯಿತು. ಮೆಟ್ಟಿಲ ಮೇಲೆ ಕೂತು, ಗಾಜುಗಳನ್ನು ಮೂಗಿಗೆ ಹತ್ತಿರ ಹಿಡಿದು, ಬಿಚ್ಚಿ, ಬಲದ್ದನ್ನು ಬಲಕ್ಕೆ, ಎಡದ್ದನ್ನು ಎಡಕ್ಕೆ ಹಾಕಿದೆ. ಬಿಚ್ಚಿ ಹೊಲಿಯುವುದಂತೂ ನನಗೆ ರೂಢಿ.

ಮತ್ತೆ ಹಾಕಿಕೊಂಡು ತಲೆಯೆತ್ತಿದೆ. ಗೋಡೆಯ ಮೇಲಿನ ಅಕ್ಷರ ಓದಲು ಬಂತು! ನೀರೊಳಗೆ ಮುಳುಗಿದೆ, ತಳದ ಹೆಂಚುಗಳು ಒಂದೊಂದೂ ಕಂಡವು, ಯಾರದೋ ಕಾಲುಂಗುರ ಕಂಡಿತು, ನನ್ನ ಕೈಯೇ ಚಂದ ಕಂಡಿತು. ಇಷ್ಟು ವರ್ಷ ನೀರೆಂದರೆ ಕುರುಡುಗತ್ತಲೆ ಎಂದುಕೊಂಡಿದ್ದ ನನಗೆ ಆನಂದಕ್ಕೆ ಕಣ್ಣೀರೇ ಬಂತು, ಗಾಗಲಿನೊಳಗೇ ತುಂಬಿಕೊಂಡಿತು. ಒರೆಸಿಕೊಂಡು ನೋಡಿದರೆ ಆಚೆ ತುದಿಯಲ್ಲಿ, ಆಳದ ಕಡೆ, ಕಂಬಿ ಹಿಡಿದು ರತ್ನಮ್ಮನವರು ನಿಂತಿದ್ದಾರೆ. ಈ ಸಲ ಅಳತೆಯಲ್ಲ, ಮುಖವೇ. ಆಳಕ್ಕೆ ನಾನು ಎಂದೂ ಹೋದವಳಲ್ಲ. ಎಮ್ಮೆಯ ಬಾಲವನ್ನು ನೆನೆದುಕೊಂಡು ಕೈ ಬಡಿದೆ. ಏದುಸಿರು ಬಿಡುತ್ತಾ ಹೋಗಿ ಅದೇ ಕಂಬಿ ಹಿಡಿದು, "ರತ್ನಮ್ಮೋರೇ, ನಾನು ಸಾವಿತ್ರಿ, ರಶ್ಮಿ ತಾಯಿ. ಅವತ್ತು ನಂಗೆ ಕಣ್ಣು ಕಾಣ್ತಿರ್ಲಿಲ್ಲ, ನಿಮ್ಮ ಮುಖ ಕಂಡಿದ್ರೆ ಅಂಗಂತಿರ್ಲಿಲ್ಲ" ಎಂದೆ. ಅಲ್ಲಿಯವರೆಗೆ ಕಲಿತಿಟ್ಟುಕೊಂಡಿದ್ದ ವಿನಯದ ಮಾತೆಲ್ಲ ಮರೆತುಹೋಗಿತ್ತು.

ಅವರು ಗಾಗಲಿನ ಹಿಂದಿನ ನನ್ನನ್ನು ಗುರುತಿಸಲು ಸ್ವಲ್ಪ ಹೊತ್ತು ತೆಗೆದುಕೊಂಡರು. ಆಮೇಲೆ ಕಂಬಿ ಬಿಟ್ಟು ಮುಳುಗುವಷ್ಟು ನಕ್ಕರು. "ಅವತ್ತು ಕ್ವಾಪ ಬಂದಿದ್ದು ನಿಜ ಕಣ್ರೀ. ಮನೇಗೋಗಿ ಟೇಪ್ ಹಿಡ್ದೆ. ಎರಡಿಂಚು ಅಂದ್ರಿ, ಎರಡೇ ಇಂಚು! ನಮ್ಮೂರ್ ಟೇಲರು ಮೂರು ವರ್ಸದಿಂದ, ನೀರಿಗೆ ಬಟ್ಟೆ ಕುಗ್ತದೆ ಅಂತ ಸುಳ್ಳೇಳ್ಕಂಡು ಬತ್ತಾವ್ನೆ." ನಾನು ಹೆದರಿ ಹೆದರಿ ಮದುವೆಯ ಮಾತು ಎತ್ತಿದೆ. "ಅಯ್ಯೋ, ಆಷಾಢ ಕಳೀಲಿ ಅಂತ ಸುಮ್ಕಿದ್ವಿ. ಹುಡ್ಗಿ ನಮಗೆಲ್ಲಾ ಒಪ್ಗೆ ಆಗವ್ಳೆ. ಆದ್ರೆ ಒಂದ್ ಮಾತು, ಮದ್ವೆಗೆ ನನ್ನ ಬ್ಲೌಸ್ ಎಲ್ಲಾ ನೀವೇ ಹೊಲೀಬೇಕು" ಎಂದರು. ಆ ಕ್ಷಣದಲ್ಲಿ ಅವರು ಇಡೀ ಪಿರಿಯಾಪಟ್ಟಣಕ್ಕೇ ಹೊಲಿ ಎಂದಿದ್ದರೂ ಹೂಂ ಎನ್ನುತ್ತಿದ್ದೆ.

ಶ್ರಾವಣದಲ್ಲಿ ನಿಶ್ಚಿತಾರ್ಥ ಮುಗಿಯಿತು. ರಶ್ಮಿ ನಗುನಗುತ್ತಾ ಓಡಾಡುತ್ತಿದ್ದಾಳೆ, ನನ್ನ ಸೊಂಟವೂ ವಾಸಿ. ಆದರೆ ಗಾಗಲ್ ತರಿಸುವಾಗ ಒಂದು ವಿಷಯ ನಾನು ಯೋಚಿಸಿರಲಿಲ್ಲ. ಸಾವಿತ್ರಕ್ಕನಿಗೆ ಈಗ ನೀರಿನಲ್ಲೂ ಕಣ್ಣು ಕಾಣುತ್ತದೆ ಎನ್ನುವ ಸುದ್ದಿ ಪೂಲಿನ ತುಂಬ ಹರಡಿದೆ. "ಕಾಣ್ಲೇ ಇಲ್ಲ ಕಣ್ರೀ" ಎಂದರೆ ಈಗ ಯಾರೂ ನಂಬುವುದಿಲ್ಲ. ಮೊನ್ನೆ ನಾನು ತಣ್ಣಗೆ ತೇಲುತ್ತಿದ್ದಾಗ ಆಳದ ಕಡೆಯಿಂದ ಒಬ್ಬರು ನೇರವಾಗಿ ನನ್ನತ್ತಲೇ ಈಜಿಕೊಂಡು ಬರುವುದು ಸ್ಪಷ್ಟವಾಗಿ ಕಂಡಿತು. ರತ್ನಮ್ಮನವರು. ಮದುವೆ ಹತ್ತಿರ ಬಂದಿದೆ, ಅವರ ಬ್ಲೌಸ್ ಪೀಸುಗಳಿಗೆ ಇನ್ನೂ ಕತ್ತರಿಯನ್ನೇ ಇಟ್ಟಿಲ್ಲ. ನಾನು ಮೆಲ್ಲಗೆ ಗಾಗಲನ್ನು ಹಣೆಯ ಮೇಲಕ್ಕೆ ಏರಿಸಿದೆ. ಹಳೆಯ ಮಂಜು ತಿರುಗಿ ಬಂದು ಸುತ್ತಲೂ ಕವಿಯಿತು. ಯಾರೋ ಬರುತ್ತಿದ್ದರು. ಭುಜದ ಅಳತೆ ನೋಡಿದರೆ ಬಸ್ ಸ್ಟ್ಯಾಂಡ್ ಹಿಂದಿನ ಜಯಮ್ಮನೇ ಇರಬೇಕು, ಅವಳ ಬ್ಲೌಸನ್ನು ಹೋದ ವಾರವೇ ಕೊಟ್ಟಾಗಿದೆ.