ಪ್ರಭಾರ ಉಪವಾಸ

ನಮ್ಮ ಸಾಹೇಬರಾದ ಮಹದೇವಸ್ವಾಮಿಯವರಿಗೆ ಸಕ್ಕರೆ ಕಾಯಿಲೆಯು ಕಳೆದ ಏಪ್ರಿಲ್ ಒಂದನೇ ತಾರೀಖಿನಿಂದ ಜಾರಿಗೆ ಬಂದಿರುತ್ತದೆ. ಅದಕ್ಕೂ ಮೊದಲೇ ಇತ್ತೆಂದು ಡಾಕ್ಟರು ಹೇಳುತ್ತಾರೆ. ಆದರೆ ಆರ್ಥಿಕ ವರ್ಷದ ನಡುವೆ ಬಂದದ್ದನ್ನು ನಮ್ಮ ಕಚೇರಿ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಮ್ಮದು ನಾಮಫಲಕ ನಿಗಮದ ಮೈಸೂರು ಶಾಖೆ. ಒಂಟಿಕೊಪ್ಪಲಿನಲ್ಲಿದೆ. ಊರಿನ ಬೀದಿಗಳಿಗೆಲ್ಲ ಬೋರ್ಡು ಹಾಕುವವರು ನಾವೇ. ನಮ್ಮ ಕಚೇರಿಗೆ ಬೋರ್ಡಿಲ್ಲ, ಟೆಂಡರ್ ಆಗಬೇಕು. ಹುಡುಕಿಕೊಂಡು ಬರುವವರು ಪಕ್ಕದ ಹಿಟ್ಟಿನ ಗಿರಣಿಯಲ್ಲಿ ವಿಚಾರಿಸುತ್ತಾರೆ.

ಆ ತಿಂಗಳು ಕೇಂದ್ರ ಕಚೇರಿಯಿಂದ ಸುತ್ತೋಲೆ ಬಂತು. "ಎರಡನೇ ಬಗೆಯ ಮಧುಮೇಹವಿರುವ ಎಲ್ಲ ಶಾಖಾಧಿಕಾರಿಗಳು ಪಥ್ಯ, ವಾರಕ್ಕೊಂದು ಉಪವಾಸ ಹಾಗೂ ಮನೆಮದ್ದುಗಳಿಂದ ಮೂರು ತಿಂಗಳೊಳಗೆ ಸಕ್ಕರೆಯನ್ನು ಹತೋಟಿಗೆ ತರತಕ್ಕದ್ದು. ತಪ್ಪಿದಲ್ಲಿ, ನಡೆದಾಡುವುದು ಈ ಕಾಯಿಲೆಗೆ ಒಳ್ಳೆಯದಾದ್ದರಿಂದ, ಸದರಿಯವರ ಕಾರನ್ನು ಹಿಂಪಡೆಯಲಾಗುವುದು."

ಕಾರನ್ನು ಬಿಡಲು ಸಾಹೇಬರು ತಯಾರಿರಲಿಲ್ಲ, ತಿಂಡಿಯನ್ನೂ. ಹನ್ನೊಂದು ಗಂಟೆಗೆ ಎರಡು ಮಸಾಲೆ ದೋಸೆ, ಮೇಲೊಂದಿಷ್ಟು ಕಾಶಿ ಹಲ್ವ, ಅದಾದ ಮೇಲೆಯೇ ಅವರು ಫೈಲು ಮುಟ್ಟುವುದು. ಅವರು ಸೂಪರಿಂಟೆಂಡೆಂಟ್ ಪದ್ಮಾವತಿಯವರನ್ನು ಕರೆಸಿದರು. ಪದ್ಮಾವತಿಯವರಿಗೆ ತಿಳಿಯದ ನಿಯಮವಿಲ್ಲ. ತಿಳಿಯದಿದ್ದರೆ ಅದು ನಿಯಮವಲ್ಲ.

"ಸಾರ್, ಉಪವಾಸ ಮಾಡಬೇಕು ಅಂತ ಇದೆ. ನೀವೇ ಮಾಡಬೇಕು ಅಂತ ಎಲ್ಲಿದೆ?" ಎಂದರು ಆಕೆ. "ನೀವು ರಜೆ ಹಾಕಿದ್ರೆ ಇನ್ನೊಬ್ರಿಗೆ ಪ್ರಭಾರ ಕೊಡ್ತೀರಲ್ಲ, ಅಂಗೇ ಉಪವಾಸಕ್ಕೂ ಕೊಟ್ಬುಡಿ."

ಸಾಹೇಬರ ಮುಖ ಅರಳಿತು. ಅಂದೇ ಆದೇಶ ಹೊರಟಿತು. ವಾಕಿಂಗು ಡ್ರೈವರ್ ಸಿದ್ದೇಶನಿಗೆ ಬಂತು, ಅವನು ದಿನಾ ಬೆಳಿಗ್ಗೆ ಕಾರಿನ ಸುತ್ತ ನಡೆದ. ಮೆಂತ್ಯದ ನೀರು, ಹಾಗಲಕಾಯಿ ರಸ ಟಪಾಲು ನೋಡುವ ನನ್ನ ಪಾಲಿಗೆ ಬಂದವು. ನಾನು ಯಾರಿಗೂ ದೂರು ಹೇಳಲಿಲ್ಲ, ಮುಖ ಮಾತ್ರ ಹೇಳಿತು. ಮಾತ್ರೆಯನ್ನು ಬೇರೆಯವರು ನುಂಗಿದರೆ ತಾವು ಜವಾಬ್ದಾರರಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರಿಂದ ಅದೊಂದನ್ನು ಸಾಹೇಬರೇ ಇಟ್ಟುಕೊಂಡರು. ಗುರುವಾರದ ಉಪವಾಸ ಗುಮಾಸ್ತ ಆರೋಗ್ಯಸ್ವಾಮಿಯವರಿಗೆ ಬಂತು.

ಆರೋಗ್ಯಸ್ವಾಮಿ ಸಾಧು ಮನುಷ್ಯ. ಈಸ್ಟರ್‌ಗೆ ಮುಂಚೆ ಪ್ರತಿ ವರ್ಷ ಉಪವಾಸ ಹಿಡಿಯುವವರಾದ್ದರಿಂದ, ಆದೇಶದಲ್ಲಿ ಅವರನ್ನು 'ಪೂರ್ವಾನುಭವವುಳ್ಳವರು' ಎಂದು ನಮೂದಿಸಲಾಗಿತ್ತು.

"ಸಾರ್, ಅದು ದೇವರಿಗೋಸ್ಕರ ಮಾಡೋದು" ಎಂದರು.

"ಇದನ್ನ ಇಲಾಖೆಗೋಸ್ಕರ ಮಾಡಿ. ನಾವೇನು ದೇವರಿಗಿಂತ ಜಾಸ್ತಿ ಕೇಳ್ತಿದೀವಾ?" ಎಂದರು ಸಾಹೇಬರು.

ಶುಕ್ರವಾರ ಬೆಳಿಗ್ಗೆ ಲ್ಯಾಬಿನವರು ಬಂದು ಪ್ರಭಾರದಲ್ಲಿದ್ದವರ ಬೆರಳನ್ನೇ ಚುಚ್ಚುತ್ತಿದ್ದರು. ಸಾಹೇಬರ ಸಕ್ಕರೆ ತೊಂಬತ್ತನ್ನು ದಾಟುತ್ತಿರಲಿಲ್ಲ. ಕೇಂದ್ರ ಕಚೇರಿಯಿಂದ ಶಹಬ್ಬಾಸ್‌ಗಿರಿ ಬಂತು. ಅದರ ಸಂತೋಷಕ್ಕೆ ಸಾಹೇಬರು ಹಲ್ವ ತರಿಸಿದರು.

ಹೀಗೆ ಎಲ್ಲವೂ ನಿಯಮದಂತೆ ಸಾಗುತ್ತಿರುವಾಗ ಆರೋಗ್ಯಸ್ವಾಮಿಯವರ ಮಗಳು ಏಂಜೆಲಿನ್‌ಗೆ ಮದುವೆ ಗೊತ್ತಾಯಿತು. ಚರ್ಚಿನ ಫಾದರ್ ಕೊಟ್ಟ ದಿನ ಗುರುವಾರ. ಮರುದಿನವೇ ಮೂರು ತಿಂಗಳ ಕೊನೆಯ ರಕ್ತಪರೀಕ್ಷೆ.

ಆರೋಗ್ಯಸ್ವಾಮಿ ಕೈಕಟ್ಟಿ ನಿಂತರು. "ಸಾರ್, ಅದೊಂದು ದಿನ ಬುಟ್ಬುಡಿ. ಒಬ್ಬಳೇ ಮಗಳು. ಮದುವೆ ಊಟಕ್ಕೆ ಅಪ್ಪ ನನ್ನ ಪಕ್ಕ ಕೂರಲೇಬೇಕು ಅಂತಿದಾಳೆ."

"ಮದುವೆ ಮಾಡಿ, ಬೇಡ ಅಂದ್ನಾ? ಊಟ ಬೇಡ ಅಷ್ಟೇ. ಮಾರನೇ ದಿನ ರಕ್ತ ಕೆಟ್ಟರೆ ನನ್ನ ಕಾರಿನ ಗತಿ ಏನ್ರೀ?"

ಆರೋಗ್ಯಸ್ವಾಮಿಯವರ ಕಣ್ಣು ತುಂಬಿತು. ನಮಗೆಲ್ಲ ಸಂಕಟವಾಯಿತು, ಆದರೆ ಉಪವಾಸದ ಪ್ರಭಾರ ನಮಗೇ ಬಂದೀತೆಂದು ಒಬ್ಬೊಬ್ಬರೂ ಫೈಲು ಬಿಚ್ಚಿ ಕೂತೆವು. ಪದ್ಮಾವತಿಯವರು ಕನ್ನಡಕ ಒರೆಸಿಕೊಂಡು ಪರಿಹಾರ ಸೂಚಿಸಿದರು.

"ಸಾಹೇಬರ ಉಪವಾಸ ಇವರು ಮಾಡ್ತಿರೋವಾಗ, ಇವರ ಊಟ ಸಾಹೇಬರು ಮಾಡಬಹುದಲ್ಲ ಸಾರ್. ಪ್ರಭಾರ ಭೋಜನ. ಅಪ್ಪನ ಜಾಗದಲ್ಲಿ ಊಟ ನಡೆದಂಗಾಯ್ತು, ಉಪವಾಸಾನೂ ಉಳೀತು."

ಬಿರಿಯಾನಿ ಎಂದರೆ ಪ್ರಾಣ ಬಿಡುವ ಸಾಹೇಬರು ಆಕೆ ಬರೆದು ತಂದ ಆದೇಶಕ್ಕೆ ಓದದೆಯೇ ಸಹಿ ಹಾಕಿದರು.

ಮದುವೆ ಚೆನ್ನಾಗಿ ಆಯಿತು. ಚರ್ಚಿನ ಹಾಲ್‌ನಲ್ಲಿ ಎಲೆ ಹಾಕಿದ್ದರು. ಮದುಮಗಳ ಪಕ್ಕದ ಎಲೆಗೆ ಸಾಹೇಬರು ಬಂದು ಕೂತರು. ಅವರಿಗೆಂದು ಅತಿಥಿಗಳ ಸಾಲಿನಲ್ಲಿ ಮೀಸಲಿಟ್ಟಿದ್ದ ಎಲೆ ಖಾಲಿ ಉಳಿಯಿತು. ಆರೋಗ್ಯಸ್ವಾಮಿ ಹೊಸ ಕೋಟು ಹಾಕಿಕೊಂಡು ನೀರು ಬಡಿಸುತ್ತಿದ್ದರು.

"ಅಪ್ಪ ಎಲ್ಲಿ ಅಂಕಲ್?" ಎಂದಳು ಏಂಜೆಲಿನ್.

"ಊಟದ ಮಟ್ಟಿಗೆ ಇವತ್ತು ನಾನೇ ಕಣಮ್ಮ" ಎಂದು ಸಾಹೇಬರು ಆದೇಶದ ಪ್ರತಿ ತೋರಿಸಿದರು.

ಹುಡುಗಿ ಅದನ್ನು ಪೂರ್ತಿ ಓದಿದಳು. ನಮ್ಮ ಕಚೇರಿಯ ಆದೇಶವೊಂದನ್ನು ಯಾರಾದರೂ ಪೂರ್ತಿ ಓದಿದ್ದು ಅದೇ ಮೊದಲು. ಓದಿ, ತಾಯಿ ಅಂತೋಣಮ್ಮನವರನ್ನು ಕರೆದು ಒಂದು ಸಾಲು ತೋರಿಸಿದಳು. "ಸದರಿ ನೌಕರರು ಯಾವ ಪ್ರಕಾರ ಭೋಜನ ಮಾಡುವರೋ ಅದೇ ಪ್ರಕಾರ ಅಧಿಕಾರಿಯವರೂ ಮಾಡತಕ್ಕದ್ದು" ಎಂದಿತ್ತು.

ಅಂತೋಣಮ್ಮ ಬಿರಿಯಾನಿ ಬಡಿಸುತ್ತಿದ್ದವನ ಕೈ ತಡೆದರು. "ಅಲ್ಲಿಗೆ ಹಾಕಬ್ಯಾಡಪ್ಪ. ನಮ್ಮ ಯಜಮಾನರ ಅಪ್ಪನಿಗೆ ಸಕ್ಕರೆ ಇತ್ತು ಸಾರ್. ಅದಕ್ಕೇ ನಾನು ಇವರಿಗೆ ಯಾವತ್ತೂ ಬಡಿಸೋದು ಒಂದು ಸಣ್ಣ ಮುದ್ದೆ, ಸೊಪ್ಪಿನ ಸಾರು, ಹಾಗಲಕಾಯಿ ಪಲ್ಯ. ಮಗಳ ಮದುವೆ ದಿವಸ ಒಂದಿನ ತಿನ್ಲಿ ಅಂತ ಬುಡೋಣ ಅಂತಿದ್ದೆ. ಅವರಂತೂ ಕೂರಲಿಲ್ಲ. ಅವರ ಊಟ ಮಾಡ್ತೀನಿ ಅಂತ ಬಂದಿದೀರಿ, ಅವರ ಊಟಾನೇ ಮಾಡಿ."

ಮನೆಯಿಂದ ಡಬ್ಬಿ ಬಂತು. ನೂರಾರು ಜನರ ಎದುರು, ತಮ್ಮದೇ ಸಹಿ ಇದ್ದ ಕಾಗದದ ಎದುರು, ಸಾಹೇಬರು ಹಾಗಲಕಾಯಿ ತಿಂದರು. ಅಂತೋಣಮ್ಮ ಪಕ್ಕದಲ್ಲೇ ನಿಂತಿದ್ದರು. ಪಾಯಸದ ಬಕೆಟ್ಟು ಹತ್ತಿರ ಬಂದಾಗಲೆಲ್ಲ ಅವರು ಕೆಮ್ಮಿದರು.

ಆಗ ಏಂಜೆಲಿನ್ ಪದ್ಮಾವತಿಯವರನ್ನು ಕೇಳಿದಳು. "ಮೇಡಂ, ಸಾಹೇಬರು ಈಗ ತಾವೇ ಪಥ್ಯ ಮಾಡ್ತಿದಾರಲ್ಲ. ಇನ್ನೂ ಅಪ್ಪ ಯಾಕೆ ಉಪವಾಸ ಮಾಡಬೇಕು?"

ಪದ್ಮಾವತಿಯವರು ಕೋಳಿ ಕಬಾಬನ್ನು ಕೆಳಗಿಟ್ಟು ಆಲೋಚಿಸಿದರು. "ಹೌದಲ್ಲ. ಮೂಲ ಅಧಿಕಾರಿ ಕರ್ತವ್ಯಕ್ಕೆ ಹಾಜರಾದ ಕೂಡಲೇ ಪ್ರಭಾರ ತಾನೇ ರದ್ದಾಗುತ್ತೆ. ಕೂತ್ಕೊಳಿ ಆರೋಗ್ಯಸ್ವಾಮಿ. ಸಾಹೇಬರ ಎಲೆ ಖಾಲಿ ಇದೆ."

ಏಂಜೆಲಿನ್ ಆ ಎಲೆಯನ್ನು ಎಳೆದು ಮದುಮಗನನ್ನು ಒಂದೆಲೆ ಆಚೆ ಸರಿಸಿ, ತನ್ನ ಇನ್ನೊಂದು ಪಕ್ಕಕ್ಕೆ ಹಾಕಿಸಿ ಅಪ್ಪನನ್ನು ಕೂರಿಸಿದಳು. ಆರೋಗ್ಯಸ್ವಾಮಿ ಮೊದಲ ತುತ್ತಿಗೆ ಅತ್ತರು, ಎರಡನೆಯದಕ್ಕೆ ನಕ್ಕರು, ಆಮೇಲೆ ತಲೆ ಎತ್ತಲಿಲ್ಲ. ಅದನ್ನು ನೋಡುತ್ತ ನನಗೂ ಹೊಟ್ಟೆ ತುಂಬಿದ ಹಾಗಾಯಿತು.

ಶುಕ್ರವಾರ, ಪ್ರಭಾರ ರದ್ದಾಗಿದ್ದರಿಂದ, ಸಾಹೇಬರ ಸ್ವಂತ ಬೆರಳನ್ನೇ ಚುಚ್ಚಲಾಯಿತು. ಮುನ್ನೂರ ಹತ್ತು ಬಂತು. ಪದ್ಮಾವತಿಯವರು ಗಾಬರಿಯಾಗದೆ "ಅಧಿಕಾರಿಯವರ ಸಕ್ಕರೆಯಲ್ಲಿ ಗಣನೀಯ ಬದಲಾವಣೆ ಕಂಡುಬಂದಿದೆ" ಎಂದು ವರದಿ ಕಳಿಸಿದರು. ಕೇಂದ್ರ ಕಚೇರಿ ಅಭಿನಂದಿಸಿತು, ಕಾರು ಉಳಿಯಿತು. ಡಾಕ್ಟರು ಮಾತ್ರ ಅಭಿನಂದಿಸಲಿಲ್ಲ. ಈಗ ಸಾಹೇಬರ ಮಧ್ಯಾಹ್ನದ ಡಬ್ಬಿ ಅಂತೋಣಮ್ಮನವರ ಮನೆಯಿಂದಲೇ ಬರುತ್ತದೆ. ಅದನ್ನು ಸಾಹೇಬರೇ ತಿನ್ನುತ್ತಾರೆ, ಬಾಗಿಲು ಹಾಕಿಕೊಂಡು.

ಆದರೂ ನಿಯಮ ನಿಯಮವೇ. ಇಷ್ಟು ಸಕ್ಕರೆ ಶೇಖರವಾದದ್ದು ಯಾರ ಅವಧಿಯಲ್ಲಿ ಎಂಬ ಪ್ರಶ್ನೆ ಎದ್ದು, ಪ್ರಭಾರದಲ್ಲಿದ್ದ ಆರೋಗ್ಯಸ್ವಾಮಿಯವರಿಗೆ ಸಮಜಾಯಿಷಿ ಕೇಳಿ ನೋಟಿಸ್ ಜಾರಿಯಾಯಿತು. ಅವರು ಅದೇ ದಿನ ಉತ್ತರ ಬರೆದುಕೊಟ್ಟರು.

"ಮಾನ್ಯರೇ, ಗುರುವಾರ ನಾನು ನನ್ನ ಮಗಳ ಪಕ್ಕ ಕೂತು ಊಟ ಮಾಡಿರುತ್ತೇನೆ. ಊಟ ಚೆನ್ನಾಗಿತ್ತು."

ಸಮಜಾಯಿಷಿ ತೃಪ್ತಿಕರವಾಗಿದೆ ಎಂದು ಸಾಹೇಬರು ಸಹಿ ಹಾಕಿದರು.