ನಮ್ಮವರ ಗಾಡಿಗೆ ಉಸಿರು ಸಾಲದು

ಉಸಿರಾಡುವುದನ್ನೂ ಹೇಳಿಕೊಟ್ಟೇ ಕಲಿಸಬೇಕೆಂದು ನಂಬಿದ್ದ ಶಾಲೆಯಲ್ಲಿ ಓದಿದವಳು ನಾನು. ಬಾಯಿ ಮುಚ್ಚಿಕೊಂಡು, ಬೆನ್ನು ನೆಟ್ಟಗಿಟ್ಟುಕೊಂಡು, ಪಕ್ಕದವಳಿಗೂ ಕೇಳಿಸದ ಹಾಗೆ ಮೂಗಿನಲ್ಲೇ ಉಸಿರಾಡಬೇಕೆಂದು ನಮ್ಮ ಕಾನ್ವೆಂಟಿನ ಸಿಸ್ಟರ್ ಬೆಳಗಿನ ಪ್ರಾರ್ಥನೆಗೆ ಮುಂಚೆ ಹೇಳುತ್ತಿದ್ದರು. ಅಲ್ಲಿ ಕಲಿತದ್ದರಲ್ಲಿ ಇವತ್ತಿಗೂ ಕೈಬಿಡದೆ ಉಳಿದಿರುವುದು ಎರಡು. ಒಂದು, ಈ ಸದ್ದಿಲ್ಲದ ಉಸಿರಾಟ. ಇನ್ನೊಂದು, ಪುಸ್ತಕಗಳಿಗೆ ಮೂಲೆ ಮಡಚಿ ಬ್ರೌನ್ ಪೇಪರ್ ಹಾಕುವುದು. ಹುಣಸೂರಿನ ಪಕ್ಕದ ಈ ಹಳ್ಳಿಗೆ ಸೊಸೆಯಾಗಿ ಬಂದ ಮೇಲೆ ಮೊದಲನೆಯದು ಯಾತಕ್ಕೂ ಬರಲಿಲ್ಲ. ಇಲ್ಲಿ ಗುಟ್ಟು ಹೇಳಿದರೂ ಆಚೆ ಹೊಲದವರು ಅಲ್ಲಿಂದಲೇ ಉತ್ತರ ಕೊಡುತ್ತಾರೆ. ಎರಡನೆಯದು ಮಾತ್ರ ಈಚೆಗೆ ಒಂದು ವಿಚಿತ್ರವಾದ ಕಡೆ ಉಪಯೋಗಕ್ಕೆ ಬಂತು.

ನಮ್ಮ ಯಜಮಾನರು ಹೊಗೆಸೊಪ್ಪು ಬೆಳೆಯುವವರು. ಮೀಸೆ ಬೆಳ್ಳಗಾಗುವ ಹೊತ್ತಿಗೆ ಅವರಿಗೆ ಮಣ್ಣಿನಲ್ಲಿ ಓಡಿಸುವ ಡರ್ಟ್ ಬೈಕಿನ ಹುಚ್ಚು ಹತ್ತಿತು. ಯಾರೋ ಓಡಿಸಿ ಬಿಟ್ಟಿದ್ದ ಒಂದು ಫೋರ್ ಸ್ಟ್ರೋಕ್ ಗಾಡಿಯನ್ನು ತಂದು, ಜಗಲಿಯ ಮೇಲಿದ್ದ ನನ್ನ ಆಂಥೂರಿಯಂ ಕುಂಡಗಳನ್ನೆಲ್ಲ ಕೊಟ್ಟಿಗೆಯ ಹಿಂದಕ್ಕೆ ಸಾಗಿಸಿ, ಆ ಜಾಗದಲ್ಲಿ ಅದನ್ನು ಪ್ರತಿಷ್ಠಾಪಿಸಿದರು. ಕುಂಡಗಳು ಅಲ್ಲಿ ಮುಖ ಸಣ್ಣದು ಮಾಡಿಕೊಂಡು ಕುಳಿತವು. ನಾನೂ ಅಷ್ಟೆ. ಸುಗ್ಗಿ ಮುಗಿದ ಮೇಲೆ ಪಿರಿಯಾಪಟ್ಟಣದ ಹೊರಗೆ, ಸೊಪ್ಪು ಮುರಿದು ಬರಿದಾದ ಹೊಲದಲ್ಲಿ ಮಣ್ಣಿನ ರೇಸು ನಡೆಯುತ್ತದೆ. ಹೋದ ಸಲ ಅದರಲ್ಲಿ ಇವರು ತಮ್ಮ ಭಾವನ ಹಿಂದೆ ಬಂದರು. ಭಾವ ಎಂದರೆ ಇವರ ಅಕ್ಕನ ಗಂಡ, ಅಂತರಸಂತೆಯವರು. ಅವರದೂ ಅಂಥದ್ದೇ ಗಾಡಿ. ಸೋತು ಬಂದ ದಿನ ಇವರು ಮುದ್ದೆಯನ್ನು ಮುರಿಯದೆ ಸುಮ್ಮನೆ ದಿಟ್ಟಿಸಿ ನೋಡಿ ಹೇಳಿದರು: "ಗಾಡಿಗೆ ಉಸ್ರು ಸಾಲ್ದು ಕಣೇ."

ಇಂಜಿನ್ನಿಗೆ ಗಾಳಿ ಹೋಗುವುದು ಸೀಟಿನ ಕೆಳಗಿರುವ ಒಂದು ಡಬ್ಬಿಯ ಮೂಲಕವಂತೆ. ಅದರ ಮುಚ್ಚಳಕ್ಕೆ ಕಂಪನಿಯವರು ಇಟ್ಟಿದ್ದದ್ದು ಒಂದೇ ಬಾಯಿ. "ಜಿಪುಣ್ರು" ಎಂದರು ಇವರು. ಯಾರನ್ನಾದರೂ ಕೇಳಿ ಮಾಡಬಾರದೇ ಎಂದೆ. ಅಷ್ಟಕ್ಕೇ ರೇಗಿತು. "ವರ್ಷಾ ವರ್ಷಾ ಬ್ಯಾರನ್ನಲ್ಲಿ ಸೊಪ್ಪು ಬೇಯ್ಸೋನು ನಾನು. ಯಾವ ಕಿಟ್ಕಿ ಎಷ್ಟು ತೆಗೀಬೇಕು ಅಂತ ನಂಗೆ ಬೇರೆಯೋರು ಹೇಳ್ಬೇಕಾ? ಇಂಜಿನ್ ಅಂದ್ರೇನು, ಒಂದು ಸಣ್ಣ ಬ್ಯಾರನ್ನು. ಒಳಗೆ ಬೆಂಕಿ, ಕೆಳಗಿಂದ ಗಾಳಿ, ಮೇಲಿಂದ ಹೊಗೆ. ಅಷ್ಟೇ ತಾನೆ?" ಸೊಪ್ಪು ಬೇಯಿಸುವ ಆ ಎತ್ತರದ ಮನೆಗೂ ಈ ಗಾಡಿಗೂ ಇರುವ ಸಂಬಂಧವನ್ನು ಅವರು ಎಷ್ಟು ಧೈರ್ಯವಾಗಿ ಹೇಳಿದರೆಂದರೆ, ನಾನು ನಂಬಿಬಿಟ್ಟೆ.

ಮುಚ್ಚಳ ಬಿಚ್ಚಿದರು. ನನ್ನ ಗ್ಯಾಸ್ ಒಲೆಯ ಮೇಲೆ, ಸಾರಿನ ಪಕ್ಕದ ಉರಿಯಲ್ಲಿ ಕಬ್ಬಿಣದ ಸರಳು ಕಾಯಿಸಿ, ಚುಯ್ ಚುಯ್ ಎಂದು ಪ್ಲಾಸ್ಟಿಕ್ಕಿಗೆ ತೂತು ಹಾಕತೊಡಗಿದರು. ನಡುಮನೆಯಿಂದ ಅತ್ತೆ ಕೂಗಿದರು: "ಏನವ್ವ ಅದು ವಾಸ್ನೆ? ಸಾರು ಸೀದೋಯ್ತಾ?"

"ಇಲ್ಲ ಅತ್ತೆ, ಗಾಡಿಗೆ ಮೂಗು ಚುಚ್ತಾ ಇದಾರೆ."

"ಮೂಗ್ಬೊಟ್ಟು ನಂದ್ ಮಾತ್ರ ಕೇಳ್ಬ್ಯಾಡ ಅನ್ನು!"

ಅವತ್ತಿನಿಂದ ಗಾಡಿಗೆ ಕೆಮ್ಮು ಶುರುವಾಯಿತು. ಆಕ್ಸಿಲರೇಟರ್ ತಿರುವಿದರೆ ಮುಗ್ಗರಿಸುತ್ತದೆ, ಬಿಟ್ಟರೆ ಸೈಲೆನ್ಸರಿನಲ್ಲಿ ಪಟಾರ್ ಎಂದು ಸಿಡಿಯುತ್ತದೆ. ಆ ಸದ್ದಿಗೆ ಬೆದರಿ ಹಸು ಹಾಲಿಗೆ ಸೊರೆ ಬಿಡುವುದನ್ನು ನಿಲ್ಲಿಸಿತು. "ಹೊಸ ಗಾಳಿ, ಅಭ್ಯಾಸ ಆಗ್ಬೇಕು ಬುಡು" ಎಂದರು ಇವರು. ಆ ವಾರವೇ ಭಾವ ಬಂದರು. ಜಗಲಿಯಲ್ಲಿ ಕುಳಿತು ಕಾಫಿ ಕುಡಿಯುತ್ತ ಆ ಕೆಮ್ಮನ್ನು ಸಂಗೀತ ಕೇಳುವವರಂತೆ ತಲೆದೂಗಿ ಕೇಳಿದರು.

"ಏನ್ ಬಾಮೈದ, ಗಾಡಿಗೆ ದಮ್ಮಾ? ಒಸಿ ಶುಂಠಿ ಕಷಾಯ ಕುಡ್ಸು."

"ನಗಿ ಭಾವ, ನಗಿ. ರೇಸಿನ್ ದಿನ ನಾನ್ ನಗ್ತೀನಿ."

"ಅಂಗಾ? ಸೋತ್ರೆ ಗಾಡಿ ಮಾರ್ಬುಡ್ಬೇಕು. ಅತ್ತೆ, ನೀವೇ ಸಾಕ್ಷಿ."

"ಮಾರ್ತೀನಿ. ನೀವ್ ಸೋತ್ರೆ?"

"ನಾನ್ ಸೋತ್ರೆ ನನ್ ಗಾಡೀಗೂ ನಿನ್ ಕೈಲೇ ತೂತು ಹೊಡುಸ್ಕತೀನಿ, ಓಗು!"

ಕಾಫಿ ಲೋಟ ಎತ್ತಿಕೊಳ್ಳಲು ಬಗ್ಗಿದ್ದ ನನ್ನ ಕಣ್ಣ ಮುಂದೆ ಆಂಥೂರಿಯಂ ಕುಂಡಗಳು ಸಾಲಾಗಿ ಜಗಲಿಗೆ ಮರಳಿ ಬಂದವು. ಇವರು ಸೋತರೆ ಸಾಕು. ಆದರೆ ತೂತು ಹೆಚ್ಚಾದಷ್ಟೂ ಗಾಡಿಗೆ ಬಲ ಹೆಚ್ಚು ಎಂದು ಇವರೇ ಹೇಳಿದ್ದರಲ್ಲ? ಕೆಮ್ಮು ರೇಸಿನ ದಿನವೇ ವಾಸಿಯಾಗಿಬಿಟ್ಟರೆ? ಹಾಗಾಗಿ ರೇಸಿನ ಹಿಂದಿನ ದಿನ ಮಧ್ಯಾಹ್ನ, ಇವರು ಉಂಡು ಮಲಗಿದ್ದಾಗ, ನಾನು ಸ್ಪ್ಯಾನರ್ ಹಿಡಿದೆ. ಇವರು "ಅದು ಕೊಡು, ಇದು ಹಿಡಿ" ಎಂದು ಪಕ್ಕದಲ್ಲಿ ನಿಲ್ಲಿಸಿಕೊಂಡು ನನಗೆ ಅಷ್ಟು ವಿದ್ಯೆ ಕಲಿಸಿದ್ದರು. ಸೀಟು ಬಿಚ್ಚಿ, ಮೈದಾ ಅಂಟು ಕಾಯಿಸಿ, ದಪ್ಪ ಬ್ರೌನ್ ಪೇಪರನ್ನು ಮುಚ್ಚಳದ ಮೇಲೆ ಎಳೆದು ಅಂಟಿಸಿದೆ. ಉಸಿರುಗಟ್ಟಿ ಗಾಡಿ ನಡುದಾರಿಯಲ್ಲೇ ನಿಂತು ಇವರು ಬಿದ್ದರೆ ಕಷ್ಟ, ಹಾಗಾಗಿ ಕಂಪನಿಯವರು ಇಟ್ಟಿದ್ದ ಬಾಯೊಂದನ್ನು ಬಿಟ್ಟೆ. ಮೋಸದ ಕೆಲಸವಾದರೂ ಮೂಲೆಗಳನ್ನು ಒರಟಾಗಿ ಬಿಡಲು ಮನಸ್ಸು ಬರಲಿಲ್ಲ. ಉಗುರಿನಿಂದ ತೀಡಿ ತೀಡಿ ಮಡಚಿದೆ.

ಬೆಳಿಗ್ಗೆ ಹೊಲದಲ್ಲಿ ಇವರು ಕಿಕ್ ಹೊಡೆದರು. ಗಾಡಿ ಕೆಮ್ಮಲಿಲ್ಲ. "ನೋಡ್ದಾ? ಅಭ್ಯಾಸ ಆಯ್ತು!" ಎಂದು ನನ್ನತ್ತ ಹುಬ್ಬು ಹಾರಿಸಿದರು. ರೇಸು ಶುರುವಾಯಿತು. ಭಾವ ಮುಂದಿದ್ದರು. ದಮ್ಮಿನ ಗಾಡಿ ಎಲ್ಲಿ ಸಿಡಿಯುತ್ತಿದೆಯೋ ನೋಡಿ ನಗೋಣವೆಂದು ಮತ್ತೆ ಮತ್ತೆ ಹಿಂದಕ್ಕೆ ತಿರುಗುತ್ತಿದ್ದರು. ಕೊನೆಯ ತಿರುವಿನಲ್ಲೂ ತಿರುಗಿದರು. ದಮ್ಮಿನ ಗಾಡಿ ಭುಜದ ಪಕ್ಕದಲ್ಲೇ ಇತ್ತು. ಗಾಬರಿಯಲ್ಲಿ ಅವರ ಚಕ್ರ ಜಾರಿ, ಕೆಸರಿನಲ್ಲಿ ಮೆತ್ತಗೆ ಕುಳಿತರು. ಇವರು ಗೆದ್ದರು. ಗೆದ್ದೊಡನೆ ನಾನು ಎಲ್ಲರಿಗಿಂತ ಜೋರಾಗಿ, ಬಾಯಿಬಿಟ್ಟು ಕೂಗಿದೆನಂತೆ. ಅತ್ತೆ ಹೇಳಿದ್ದು. ನನಗೆ ನೆನಪಿಲ್ಲ.

ಮುಂದಿನ ವಾರ ಭಾವ ಮಾತಿನಂತೆ ಗಾಡಿ ತಂದು ಜಗಲಿಯ ಮುಂದೆ ನಿಲ್ಲಿಸಿದರು. "ಮೊದ್ಲು ನಿಂದ್ ತೋರ್ಸ್ಲಾ, ಹೆಂಗ್ ಕೊರ್ದಿದ್ದೀಯ ಅಂತ." ಇವರು ಹೆಮ್ಮೆಯಿಂದ ಸೀಟು ಎತ್ತಿದರು. ನಾನು ಬಾಗಿಲ ಹಿಂದೆ ಸದ್ದಿಲ್ಲದೆ ಉಸಿರಾಡಿದೆ. ಮುಚ್ಚಳದ ಮೇಲೆ ಮೂರನೇ ಕ್ಲಾಸಿನ ಗಣಿತದ ಪುಸ್ತಕದಂತೆ ಅಚ್ಚುಕಟ್ಟಾಗಿ ಬ್ರೌನ್ ಪೇಪರ್ ಕುಳಿತಿತ್ತು. ಇವರು ಕೊರೆದಿದ್ದ ಒಂದು ತೂತೂ ಕಾಣುತ್ತಿರಲಿಲ್ಲ.

ಇವರು ಪೇಪರನ್ನು ನೋಡಿದರು. ಮಡಚಿದ ಮೂಲೆಗಳನ್ನು ನೋಡಿದರು. ಬಾಗಿಲ ಕಡೆ ನೋಡಿದರು. ಕಂಪನಿಯವರು ಜಿಪುಣರಲ್ಲ, ಗಾಡಿಗೆ ಎಷ್ಟು ಗಾಳಿ ಬೇಕೋ ಅಷ್ಟೇ ಕೊಟ್ಟಿದ್ದರು ಎನ್ನುವುದು ಅವರ ಮುಖದ ಮೇಲೆ ನಿಧಾನವಾಗಿ ಏರಿ ಮೀಸೆಯೊಳಗೆ ಮರೆಯಾಯಿತು.

"ಏನ್ಲಾ ಇದು?" ಎಂದರು ಭಾವ.

"ಅದಾ..." ಇವರು ಗಂಟಲು ಸರಿಮಾಡಿಕೊಂಡರು. "ಅಸ್ಲಿ ಗುಟ್ಟೇ ಅದು ಭಾವ. ಬರೀ ತೂತಿಂದ ಏನಾಯ್ತದೆ? ಗಾಳಿ ಸೋಸ್ಬೇಕು. ಇವಳು ಕಾನ್ವೆಂಟಲ್ಲಿ ಓದಿರೋಳು, ಗೊತ್ತಲ್ಲ? ಏನೇ, ಭಾವಂಗೂ ಒಂದು ಹಾಕ್ಕೊಡು."

ಭಾವನ ಮುಚ್ಚಳಕ್ಕೂ ನನ್ನ ಒಲೆಯಲ್ಲೇ ಕಾದ ಸರಳಿನಿಂದ ತೂತುಗಳಾದವು. ನನ್ನ ಕುಂಡಗಳಿದ್ದ ಜಾಗದಲ್ಲೇ ಕುಳಿತು, ನಾನೇ ಅವುಗಳ ಮೇಲೆ ಬ್ರೌನ್ ಪೇಪರ್ ಹೊದಿಸಿದೆ. ಭಾವ ಮೂಲೆಗಳನ್ನು ಬೆರಳಿನಿಂದ ಸವರಿ, "ಎಂಥಾ ಕೈ ಕಣಮ್ಮ ನಿಂದು!" ಎಂದು ಹೊಗಳಿ, ಮುಂದಿನ ರೇಸಿಗೂ ಅದೇ ಪಂಥ ಕಟ್ಟಿ ಹೋದರು. ಇವರು ಗೇಟಿನವರೆಗೆ ಹೋಗಿ ಬಂದು, ನನ್ನ ಮುಂದೆ ನಿಂತು, ಏನೂ ಕೇಳದೆ, "ಮೂಲೆ ಚೆನ್ನಾಗ್ ಮಡ್ಚಿದ್ದೆ" ಎಂದರು.

ಮುಂದಿನ ರೇಸಿನಲ್ಲಿ ಇವರು ಸೋತರೆ ಗಾಡಿ ಹೋಗುತ್ತದೆ, ಕುಂಡಗಳು ಬರುತ್ತವೆ. ಅದು ನನಗೆ ಚೆನ್ನಾಗಿ ಗೊತ್ತು. ಆದರೂ ಯಾಕೋ ಏನೋ, ಭಾವನ ಮುಚ್ಚಳದ ಅತಿ ದೊಡ್ಡ ತೂತಿನ ಮೇಲೆ ಬರುವ ಆ ಒಂದು ಮೂಲೆಗೆ ಮಾತ್ರ, ನಾನು ಅಂಟು ಸ್ವಲ್ಪ ಕಡಿಮೆ ಹಚ್ಚಿದ್ದೇನೆ.